ರಾಯಚೂರು ಭಾಗದಲ್ಲಿ ಚಳಿಗಾಲದ ಹಿತ್ತಲ ಸಿದ್ಧತೆ

ಚಳಿಗಾಲದ ಹಿತ್ತಲ ಸಿದ್ಧತೆ ಎಂದರೆ ಮುಂಗಾರು ಹಿಂದೆ ಸರಿದ ಮೇಲೆ ಮನೆಯ ಅಂಗಳ, ಹಿತ್ತಲು ಮತ್ತು ಕೈತೋಟಗಳನ್ನು ಮುಂದಿನ ಒಣ ತಿಂಗಳುಗಳಿಗೆ ಹದಗೊಳಿಸುವ ಕೆಲಸ. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದಲ್ಲಿ ಇದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ನಡೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಈ ಸಿದ್ಧತೆಯ ಉದ್ದೇಶ ತೋಟವನ್ನು ಮುಚ್ಚಿಡುವುದು. ಇಲ್ಲಿ ಅದು ತೋಟವನ್ನು ಆರಂಭಿಸುವ ಕಾಲ. ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಸೊಪ್ಪು, ತರಕಾರಿ, ಹೂವು ನೆಮ್ಮದಿಯಾಗಿ ಬೆಳೆಯುವುದು ಚಳಿಗಾಲದಲ್ಲಿಯೇ.

ಹವಾಮಾನ ಮತ್ತು ಮಣ್ಣು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳ ತಾಪಮಾನ ಸಾಮಾನ್ಯವಾಗಿ 15ರಿಂದ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಗಿಡಗಳಿಗೆ ಚಳಿಯ ಭಯವಿಲ್ಲ. ಇರುವುದು ನೀರಿನ ಭಯ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಮುಗಿದ ಮೇಲೆ ಮುಂದಿನ ಬೇಸಿಗೆಯವರೆಗೆ ಲೆಕ್ಕಕ್ಕೆ ಬರುವಂಥ ಮಳೆ ಅಪರೂಪ. ಬಿದ್ದ ನೀರನ್ನು ನೆಲದಲ್ಲಿ ಉಳಿಸಿಕೊಂಡವರ ಹಿತ್ತಲು ಮಾತ್ರ ಹಸಿರಾಗಿರುತ್ತದೆ.

ಮಣ್ಣು ಮುಖ್ಯವಾಗಿ ಎರೆ ಮತ್ತು ಮಸಾರಿ ಎಂದು ಎರಡು ಬಗೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹಸಿಯಿರುವಾಗ ತುಳಿದರೂ ಅಗೆದರೂ ಕಲ್ಲಿನಂಥ ಹೆಂಟೆಗಳಾಗುತ್ತವೆ. ಪೂರ್ತಿ ಒಣಗಲು ಬಿಟ್ಟರೆ ಸಲಿಕೆ ಇಳಿಯುವುದಿಲ್ಲ. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ತಟ್ಟಿದಾಗ ಪುಡಿಯಾಗಿ ಉದುರುವ ದಿನವೇ ಅದರ ಹದ. ಮಳೆ ನಿಂತ ಮೇಲೆ ಆ ಹದ ಕೆಲವೇ ದಿನ ಇರುತ್ತದೆ. ಹಿತ್ತಲ ಕೆಲಸದ ಸೋಲು ಗೆಲುವು ಬಹುಮಟ್ಟಿಗೆ ಆ ದಿನಗಳಲ್ಲಿ ನಿರ್ಧಾರವಾಗುತ್ತದೆ. ಮಸಾರಿ ನೆಲವನ್ನು ಹದಗೊಳಿಸುವುದು ಸುಲಭ, ಆದರೆ ಅದಕ್ಕೆ ನೀರು ಹಿಡಿಯುವ ಶಕ್ತಿ ಕಡಿಮೆ. ಕೊಟ್ಟಿಗೆ ಗೊಬ್ಬರ ಹೆಚ್ಚು ಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಕಡೆಯಲ್ಲಿಯೂ ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಕಡೆಯಲ್ಲಿಯೂ ಹೆಚ್ಚು ನೀರು ಕಂಡ ತಗ್ಗು ನೆಲಗಳು ಸವಳು-ಜವಳಿಗೆ ತುತ್ತಾಗುವುದುಂಟು. ಒಣಗಿದ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪಿನ ಪದರ ಕಂಡರೆ ನೀರು ಬಸಿದು ಹೋಗುವ ದಾರಿಯನ್ನು ಮೊದಲು ಮಾಡಬೇಕು. ಜಿಪ್ಸಮ್ ಹಾಕುವುದಿದ್ದರೆ ಮಣ್ಣು ಪರೀಕ್ಷೆಯ ವರದಿ ನೋಡಿಯೇ ಹಾಕಬೇಕು. ಉಪ್ಪುಳ್ಳ ಕೊಳವೆಬಾವಿ ನೀರಿಗಿಂತ ನಲ್ಲಿಯ ನೀರು ಎಳೆಯ ಸಸಿಗಳಿಗೆ ಒಳ್ಳೆಯದು.

ಅಂಗಳದ ಇಳಿಜಾರು

ಮಡಿ ಮಾಡುವುದಕ್ಕಿಂತ ಮೊದಲು ಅಂಗಳದ ನೀರು ಎತ್ತ ಹರಿಯುತ್ತದೆಂದು ನೋಡಬೇಕು. ಹಿಂಗಾರಿನ ಮಳೆ ಕೆಲವೊಮ್ಮೆ ಒಂದೆರಡು ದಿನಗಳಲ್ಲಿಯೇ ಸುರಿದುಬಿಡುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ಹಾಗೂ ನೆರೆಗೆ ರಾಯಚೂರು ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದಲ್ಲಿ ಬಹಳಷ್ಟು ಮನೆಗಳು ಕುಸಿದವು. ಮೇಲ್ಮುದ್ದಿಯ ಹಳೆಯ ಮಣ್ಣಿನ ಮನೆಗಳಲ್ಲಿ ಗೋಡೆಯ ಬುಡಕ್ಕೆ ನೀರು ನಿಲ್ಲುವುದು ಇಂದಿಗೂ ಅಪಾಯ. ಗೋಡೆಗೆ ತಾಗಿಸಿ ಹೂವಿನ ಮಡಿ ಮಾಡಿ ದಿನವೂ ನೀರುಣಿಸುವ ರೂಢಿ ನೋಡಲು ಚೆಂದ, ಮನೆಗೆ ಒಳ್ಳೆಯದಲ್ಲ. ನೆಲ ಗೋಡೆಯಿಂದ ಹೊರಗೆ ಇಳಿಜಾರಾಗಿರಬೇಕು.

ಮಡಿ ಮತ್ತು ಬಿತ್ತನೆ

ಹದವಾದ ನೆಲವನ್ನು ಸುಮಾರು ಒಂದು ಗೇಣು ಆಳ ಅಗೆದು, ಕಳಿತ ಗೊಬ್ಬರ ಬೆರೆಸಿ ಮಡಿ ಕಟ್ಟುತ್ತಾರೆ. ಎರೆಮಣ್ಣಿನಲ್ಲಿ ಮಡಿಯನ್ನು ತುಸು ಎತ್ತರಿಸುವುದು ಕ್ಷೇಮ. ಎರಡೂ ಬದಿಯಿಂದ ಕೈಗೆಟಕುವಷ್ಟೇ ಅಗಲವಿದ್ದರೆ ಒಳಗೆ ಕಾಲಿಡುವ ಪ್ರಮೇಯವಿರುವುದಿಲ್ಲ. ಮೆಂತ್ಯ ಮೂರು ನಾಲ್ಕು ದಿನಗಳಲ್ಲಿ ಮೊಳೆತು ಸುಮಾರು ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಕೊತ್ತಂಬರಿ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕು. ಅದು ಮೊಳೆಯಲು ಹತ್ತು ದಿನವಾದರೂ ಬೇಕು, ಅಷ್ಟರಲ್ಲಿ ಬೀಜ ಕೆಟ್ಟಿತೆಂದು ಮಡಿ ಅಗೆಯುವವರೇ ಹೆಚ್ಚು. ಪಾಲಕ, ಸಬ್ಬಸಿಗೆ, ಮೂಲಂಗಿ, ಗಜ್ಜರಿಗಳನ್ನು ನೇರವಾಗಿ ಬಿತ್ತುತ್ತಾರೆ. ಬದನೆ, ಟೊಮೆಟೊ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಸಸಿ ಮಾಡಿ ನೆಡುತ್ತಾರೆ.

ಸಸಿ ಕೈಬೆರಳುದ್ದ ಬೆಳೆದ ಮೇಲೆ ಸಾಲುಗಳ ನಡುವೆ ಹೊದಿಕೆ ಹಾಕಬೇಕು. ಮಾನ್ವಿ ಕಡೆ ನೆಲ್ಲುಹುಲ್ಲು, ಉಳಿದೆಡೆ ಶೇಂಗಾ ಅಥವಾ ತೊಗರಿಯ ಹೊಟ್ಟು ಸುಲಭವಾಗಿ ಸಿಗುತ್ತವೆ. ಹೊದಿಕೆಯಿಲ್ಲದ ಎರೆನೆಲ ಬಿರುಕು ಬಿಟ್ಟು ಆ ಬಿರುಕಿನಿಂದಲೇ ತೇವ ಕಳೆದುಕೊಳ್ಳುತ್ತದೆ. ಅಂಥಲ್ಲಿ ವಾರಕ್ಕೊಮ್ಮೆ ಮೇಲ್ಮಣ್ಣನ್ನು ಕುರ್ಚಿಗೆಯಿಂದ ಸಡಿಲಿಸಿ ಬಿರುಕು ಮುಚ್ಚಬೇಕು. ಪಾತ್ರೆ ತೊಳೆದ ನೀರನ್ನು ಬಾಳೆಗೆ ಬಿಡಬಹುದು, ಸೊಪ್ಪಿನ ಮಡಿಗೆ ಬಿಡಬಾರದು.

ಮರ ಮತ್ತು ಹೂಗಿಡಗಳು

ಗುಲಾಬಿಯನ್ನು ಅಕ್ಟೋಬರಿನಲ್ಲಿ ಸವರುತ್ತಾರೆ. ಹಗಲು ಕಿರಿದಾದಾಗ ಅರಳುವ ಸೇವಂತಿಗೆಯನ್ನು ಆಗ ಕತ್ತರಿಸಬಾರದು. ಮಲ್ಲಿಗೆಗೆ ನವೆಂಬರ್ ಕೊನೆಯಲ್ಲಿ ನೀರು ಕಡಿಮೆ ಮಾಡಿ ಆಮೇಲೆ ಸವರುವುದು ಪದ್ಧತಿ. ಫಲ ಕೊಡುವ ಮಾವಿನ ಮರಕ್ಕೆ ಚಳಿಗಾಲದ ಆರಂಭದಿಂದ ಹೂ ಬಿಡುವವರೆಗೆ ನೀರುಣಿಸಬಾರದು. ಅಕ್ಕರೆಯಿಂದ ನೀರೆರೆದರೆ ಹೂವಿನ ಬದಲು ಚಿಗುರು ಬರುತ್ತದೆ. ಕಾರ್ತಿಕದ ಉತ್ಥಾನ ದ್ವಾದಶಿಯ ತುಳಸಿ ವಿವಾಹಕ್ಕೆ ಕಟ್ಟೆಯನ್ನು ಸಾರಿಸಿ ಅಂಗಳವನ್ನು ಹಸನು ಮಾಡುವ ಸಂಪ್ರದಾಯವೂ ಈ ಕಾಲಕ್ಕೇ ಬರುತ್ತದೆ.

ಕಳೆ, ಕೀಟ ಮತ್ತು ಸುರಕ್ಷತೆ

ಕಾಂಗ್ರೆಸ್ ಹುಲ್ಲು ಎಂದು ಕರೆಯುವ ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಕೈಚೀಲ ಧರಿಸಿ ಬೇರುಸಹಿತ ಕೀಳಬೇಕು. ಅದು ಚರ್ಮದ ಉರಿ, ತುರಿಕೆ ಮತ್ತು ಉಬ್ಬಸಕ್ಕೆ ಕಾರಣವಾಗುತ್ತದೆ. ತರಗೆಲೆಗಳಿಗೆ ಬೆಂಕಿಯಿಡದೆ ಗುಂಡಿಗೆ ಹಾಕಿದರೆ ಮುಂದಿನ ವರ್ಷಕ್ಕೆ ಗೊಬ್ಬರ. ತಂಪು ಹವೆಯಲ್ಲಿ ಅವರೆ, ಮೆಣಸಿನ ಗಿಡಗಳಿಗೆ ಹೇನು ಮತ್ತು ನುಸಿ ಕಾಡುತ್ತವೆ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಸಿಂಪಡಿಸಬಹುದು.

ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಒಂದು ವಾರ, ಹತ್ತು ದಿನಗಳಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಒಣಗಿದ ಪಾತ್ರೆಯ ಒಳಮೈಗೆ ಅಂಟಿ ತಿಂಗಳುಗಟ್ಟಲೆ ಉಳಿಯಬಲ್ಲವು. ಆದ್ದರಿಂದ ತೊಟ್ಟಿಯ ನೀರು ಚೆಲ್ಲಿದರೆ ಸಾಲದು, ಒಳಗೆ ತಿಕ್ಕಿ ತೊಳೆಯಬೇಕು.

ಕಟ್ಟಿಗೆ, ಕಲ್ಲು, ಹಳೆಯ ಹೆಂಚುಗಳ ರಾಶಿಗಳಲ್ಲಿ ಇಲಿಯೂ ಅದನ್ನರಸಿ ಹಾವೂ ಸೇರುತ್ತವೆ. ಇವನ್ನು ಹಗಲಿನಲ್ಲಿ, ಕೋಲಿನಿಂದ ಕದಲಿಸಿ ನೋಡಿದ ಮೇಲೆಯೇ ತೆಗೆಯಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟು ಹಾಕುವುದು, ಗಾಯ ಕೊಯ್ಯುವುದು ಎರಡೂ ತಪ್ಪು. ಕಚ್ಚಿಸಿಕೊಂಡವರನ್ನು ನಡೆಸದೆ, ತಡಮಾಡದೆ ವಿಷನಿರೋಧಕ ಔಷಧಿಯಿರುವ ಆಸ್ಪತ್ರೆಗೆ ಸೇರಿಸಬೇಕು.