ಮಳಿ ನೀರು ಎಲ್ಲಿಗೆ ಹೋಗ್ತದ?

ಬೆಂಗಳೂರಿನ ಹೊರವಲಯದಲ್ಲಿ ನಾವು ನೋಡಿಟ್ಟ ಸೈಟನ್ನು ತೋರಿಸೋಣ ಅಂತ ಕಿರವತ್ತಿಯಿಂದ ಕಾಕಾನನ್ನು ಕರೆಸಿದ್ದೆ. ನನ್ನ ಹತ್ರ ಲೆಕ್ಕ ಎಲ್ಲ ಪಕ್ಕಾ ಇತ್ತು. ಚದರಡಿ ರೇಟು, ಇಎಂಐ, ಆಫೀಸಿಗೆ ಎಷ್ಟು ಹೊತ್ತು, ಮಗಳ ಸ್ಕೂಲ್ ಎಷ್ಟು ದೂರ. ಕಾಕಾ ಇದ್ಯಾವುದನ್ನೂ ಕೇಳಲಿಲ್ಲ. ಸೈಟಿನ ನಾಲ್ಕು ಮೂಲೆ ಸುತ್ತಿ ಬಂದು, "ತಮ್ಮಾ, ಮಳಿ ಆದ್ರ ಇಲ್ಲಿ ನೀರು ಎಲ್ಲಿಗೆ ಹೋಗ್ತದ?" ಅಂದ. ಜೊತೆಗಿದ್ದ ಏಜೆಂಟ್ ನಕ್ಕ. ನನಗೂ ಉತ್ತರ ಗೊತ್ತಿರಲಿಲ್ಲ.

ಆ ಪ್ರಶ್ನೆ ಹಿಡ್ಕೊಂಡು ಓದುತ್ತಾ ಹೋದಾಗ ಗೊತ್ತಾಯ್ತು, 'ಊರ ಹೊರಗೆ ಸೇಫಾದ, ಕೈಗೆಟುಕುವ ಮನೆ' ಅನ್ನೋ ನಮ್ಮ ಹುಡುಕಾಟಕ್ಕೆ ನೂರಿಪ್ಪತ್ತೈದು ವರ್ಷ ದಾಟಿದೆ ಅಂತ. ಬೆಂಗಳೂರಿಗೆ ಈ ಆಸೆ ಹುಟ್ಟಿಸಿದ್ದು ಬ್ಯಾಂಕ್ ಸಾಲ ಅಲ್ಲ, ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು ಒಳನಾಡಿಗೆ ಇಳಿಯಿತು. ನಮ್ಮ ಕಿರವತ್ತಿಯವರಿಗೆ ಸಂತೆ, ಆಸ್ಪತ್ರೆ, ರೈಲು ಎಲ್ಲಕ್ಕೂ ಹುಬ್ಬಳ್ಳಿಯೇ ದಿಕ್ಕು. ಆ ಹುಬ್ಬಳ್ಳಿ 1898ರಲ್ಲಿ ಪ್ಲೇಗಿನಿಂದ ತತ್ತರಿಸಿತು. ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ರೋಗ ಬೆಂಗಳೂರಿಗೂ ಬಂತು. ಅದು ಬಂದದ್ದು ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಅನ್ನೋದು ಆ ಕಾಲದ ತಿಳಿವಳಿಕೆ.

ಆಗಿನ ಬೆಂಗಳೂರು ಪೇಟೆ ಹೇಗಿತ್ತು ಅಂತ ಈಗಲೂ ಚಿಕ್ಕಪೇಟೆ, ಅವೆನ್ಯೂ ರೋಡಿನ ಸಂದಿಗಳಲ್ಲಿ ನಡೆದರೆ ಅಂದಾಜಾಗುತ್ತದೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಕೆಳಗೆ ದಿನಸಿ ಮಳಿಗೆ, ಮೇಲೆ ಸಂಸಾರ. ರೋಗ ಬಂದ ಮನೆಯ ಹೆಂಚು ತೆಗೆಸಿ ಬಿಸಿಲು ಬಿಡುವುದು, ಜನರನ್ನು ಊರಾಚೆಯ ಶೆಡ್ಡುಗಳಿಗೆ ಸಾಗಿಸುವುದು, ಇದೆಲ್ಲ ನಡೆಯಿತು. ಜನ ದಿಕ್ಕು ಸಿಕ್ಕಲ್ಲಿ ಊರು ಬಿಟ್ಟರು. ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಇಂದಿಗೂ ಇವೆ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಪ್ಲೇಗಿಗಿಂತ ಮೊದಲೇ ಹೊಸ ಬಡಾವಣೆಗಳ ಯೋಚನೆ ಮಾಡಿತ್ತು. ರೋಗ ಬಂದ ಮೇಲೆ ಆ ಕೆಲಸಕ್ಕೆ ವೇಗ ಸಿಕ್ಕಿತು. ಹಾಗೆ ಎದ್ದು ನಿಂತದ್ದು ಬಸವನಗುಡಿ ಮತ್ತು ಮಲ್ಲೇಶ್ವರ. ಇವತ್ತು ನಾವು ಬಾಡಿಗೆ ಕೇಳಿಯೇ ಬೆಚ್ಚಿಬೀಳುವ ಮಲ್ಲೇಶ್ವರ ಆಗ ಕಾಡುಮಲ್ಲೇಶ್ವರನ ಗುಡಿಯ ಸುತ್ತಲಿನ ಬಯಲು. 'ಅಷ್ಟು ದೂರ ಯಾರು ಹೋಗ್ತಾರೆ' ಅಂತ ಪೇಟೆಯವರು ಖಂಡಿತ ಅಂದಿರುತ್ತಾರೆ, ನಾವು ಈಗ ಹೊಸಕೋಟೆಗೆ ಅನ್ನೋ ಹಾಗೆ.

ಆದರೆ ಒಂದು ವ್ಯತ್ಯಾಸ ನೋಡಿ. ಹೆಸರಘಟ್ಟದಿಂದ ನಗರಕ್ಕೆ ಕೊಳವೆಯಲ್ಲಿ ನೀರು ತರುವ ಕೆಲಸ ಪ್ಲೇಗಿಗೂ ಮುಂಚೆಯೇ, 1890ರ ದಶಕದಲ್ಲಿ ಆಗಿತ್ತು. ಹೊಸ ಬಡಾವಣೆಗಳಲ್ಲಿ ಮೊದಲು ನೇರ ಅಗಲ ರಸ್ತೆ ಎಳೆದರು, ಮನೆಗಳ ಹಿಂದೆ ಕಸ ಸಾಗಿಸಲು ಸಂದಿ ಬಿಟ್ಟರು, ಆಮೇಲೆ ಸೈಟು ಹಂಚಿದರು. ತಮಾಷೆ ಅಂದ್ರೆ, ಪ್ಲೇಗು ಇಲಿಯ ಚಿಗಟದಿಂದ ಹರಡುತ್ತೆ ಅನ್ನೋದು ಆಗಿನ್ನೂ ಒಪ್ಪಿತವಾಗಿರಲಿಲ್ಲ. ಕೆಟ್ಟ ಗಾಳಿ, ಕೊಳಕು, ಕಿಕ್ಕಿರಿದ ಮನೆಗಳೇ ಕಾರಣ ಅಂತಲೇ ಬಹಳ ಜನ ನಂಬಿದ್ದರು. ಕಾರಣ ಪೂರ್ತಿ ಗೊತ್ತಿಲ್ಲದಿದ್ದರೂ ಮಾಡಿದ ಕೆಲಸ ಉಪಯೋಗಕ್ಕೆ ಬಂತು. ಮುಂದೆ ದಂಡು ಪ್ರದೇಶದಲ್ಲಿ, 1910ರ ಹೊತ್ತಿಗೆ, ಫ್ರೇಜರ್ ಟೌನ್ ಕಟ್ಟುವಾಗ ಇಲಿ ನುಗ್ಗದಂಥ ತಳಪಾಯ, ಗಾಳಿಕಿಂಡಿ ಇವನ್ನೆಲ್ಲ ಯೋಚಿಸಿಯೇ ಮಾಡಿದರು. ಅದನ್ನು ರೂಪಿಸಿದ ಜೆ. ಎಚ್. ಸ್ಟೀಫನ್ಸ್ ಬೆಂಗಳೂರಿನ 'ಪ್ಲೇಗ್ ನಿರೋಧಕ' ನಗರ ಯೋಜನೆಯ ಬಗ್ಗೆ ಪುಸ್ತಕವನ್ನೇ ಬರೆದರು.

ಎಲ್ಲರಿಗೂ ಆ ಸುರಕ್ಷತೆ ಸಿಕ್ಕಿತಾ? ಇಲ್ಲ. ಹೊಸ ಬಡಾವಣೆಗಳ ಸೈಟು ಹಂಚಿಕೆಯಲ್ಲಿ ಜಾತಿಯೂ ಲೆಕ್ಕಕ್ಕೆ ಬಂತು. ಬೇರೆ ಬೇರೆ ಸಮುದಾಯಕ್ಕೆ ಬೇರೆ ಬೇರೆ ಭಾಗ. ಕೈಯಲ್ಲಿ ಕಾಸಿಲ್ಲದವರು ಪೇಟೆಯ ಅದೇ ಸಂದಿಗಳಲ್ಲಿ ಉಳಿದರು. 'ಗೇಟೆಡ್ ಕಮ್ಯುನಿಟಿ' ಅನ್ನೋ ಮಾತು ಹೊಸದಿರಬಹುದು, ಗೇಟು ಹಳೆಯದೇ.

ಇನ್ನು ನಮ್ಮೂರ ವಿಷಯ. 'ಬೆಂಗಳೂರು ಸಾಕಪ್ಪಾ, ಕಿರವತ್ತಿಯಲ್ಲೇ ಮನೆ ಕಟ್ಟಿ ಆರಾಮಾಗಿ ಇದ್ದುಬಿಡೋಣ' ಅಂತ ನಾನೂ ಎಷ್ಟೋ ಸಲ ಅಂದುಕೊಂಡಿದ್ದೀನಿ. ಕಾಡು, ತಣ್ಣನೆ ಗಾಳಿ, ಕಡಿಮೆ ರೇಟು. ಆದರೆ ನೂರು ವರ್ಷದ ಹಿಂದೆ ಕಾರವಾರ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳು ಅಂದರೆ ಸರ್ಕಾರಿ ನೌಕರರು ಹೆದರುತ್ತಿದ್ದರು. ಕಾರಣ ಮಲೇರಿಯಾ. ಆ ಚಳಿಜ್ವರಕ್ಕೆ ಮನೆಗಳು ಖಾಲಿಯಾಗಿ ಊರುಗಳೇ ಕರಗುತ್ತಿದ್ದವು. 1946ರಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರ ಡಾ. ಡಿ. ಕೆ. ವಿಶ್ವನಾಥನ್ ನೇತೃತ್ವದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಸಿಂಪಡಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳನ್ನು. ಕಿರವತ್ತಿ ಇರೋದು ಈ ಎರಡರ ಗಡಿಯಲ್ಲೇ. ಪ್ರಯೋಗ ಫಲ ಕೊಟ್ಟಿತು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಇಂಥ ಅನುಭವವೇ ಅದರ ಬೆನ್ನಿಗಿತ್ತು. ಪಂಪು ಹೊತ್ತವರು ಬಂದರೆ ದೇವರ ಪಟದಿಂದ ಹಿಡಿದು ಹಿಟ್ಟಿನ ಡಬ್ಬಿವರೆಗೆ ಎಲ್ಲ ಅಂಗಳಕ್ಕೆ ತಂದಿಡುತ್ತಿದ್ದದ್ದು ಕಾಕಾನಿಗೆ ಇನ್ನೂ ನೆನಪಿದೆ.

ಅಂದರೆ ನಾನು ಹುಟ್ಟುವಾಗಲೇ 'ಸೇಫ್' ಆಗಿದ್ದ ನನ್ನ ಊರು ತಾನಾಗಿಯೇ ಹಾಗಿರಲಿಲ್ಲ. ಯಾರೋ ಮನೆಮನೆ ತಿರುಗಿ ಅದನ್ನು ಹಾಗೆ ಮಾಡಿದ್ದರು. ಮಲ್ಲೇಶ್ವರವೂ ಅಷ್ಟೇ. ಇಂಥ ಕೆಲಸ ನಿಂತರೆ, ತಪ್ಪಿದರೆ, ಎಂಥ ಜಾಗವೂ ಕೈಕೊಡುತ್ತೆ. 2021ರ ಜುಲೈ ಮಳೆಯಲ್ಲಿ ನಮ್ಮ ಯಲ್ಲಾಪುರ ತಾಲ್ಲೂಕಿನದೇ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಬೇಕಾಯ್ತು. ದುಡ್ಡು ಕೊಟ್ಟರೆ ಕಾಂಪೌಂಡ್ ಸಿಗುತ್ತೆ. ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆ ಕಾಂಪೌಂಡಿನ ಮಾತು ಕೇಳಲ್ಲ.

ಕಡಿಮೆ ರೇಟಿನ ಗುಟ್ಟೂ ಇಲ್ಲೇ ಇದೆ ಅನ್ಸುತ್ತೆ. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರು ಪಾಲಿಕೆಗೆ ಸೇರಿಸಿದರು. ಅವುಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಮನೆ ಕೊಂಡವರಲ್ಲಿ ಎಷ್ಟೋ ಜನ ಸೈಟಿನಲ್ಲಿ ಉಳಿಸಿದ್ದನ್ನು ಬೋರ್‌ವೆಲ್ಲಿಗೆ, ಟ್ಯಾಂಕರಿಗೆ ಕಂತಿನಲ್ಲಿ ಕಟ್ಟಿದರು. ಮಲ್ಲೇಶ್ವರದ ಕಾಲದಲ್ಲಿ ಸರ್ಕಾರ ಮೊದಲು ಮಾಡಿಕೊಟ್ಟ ಕೆಲಸವನ್ನು ನಮ್ಮ ಕಾಲದಲ್ಲಿ ಕೊಂಡವರೇ ಆಮೇಲೆ ಮಾಡಿಕೊಳ್ಳಬೇಕು. ಆ ಖರ್ಚು ಕೊಟೇಷನ್ನಿನಲ್ಲಿ ಕಾಣಲ್ಲ.

ಹಾಗಾಗಿ ನಾವೀಗ ಸೈಟು ನೋಡೋ ಕ್ರಮ ಬದಲಾಗಿದೆ. ಖಾತೆ, ರೇರಾ ನಂಬರ್ ಜೊತೆಗೆ ಹಳೇ ಗ್ರಾಮ ನಕ್ಷೆ ತೆಗೆಸ್ತೀವಿ. ಅದರಲ್ಲಿ ಕೆರೆ, ಹಳ್ಳ, ಕಾಲುವೆ ಎಲ್ಲಿದ್ದವು ಅಂತ ಗೊತ್ತಾಗುತ್ತೆ. ಒಳಚರಂಡಿ ಕೊನೆಗೆ ಎಲ್ಲಿ ಸೇರುತ್ತೆ ಅಂತ ಕೇಳ್ತೀವಿ. ಅಕ್ಕಪಕ್ಕದ ಕಿರಾಣಿ ಅಂಗಡಿಯವರ ಹತ್ರ 2022ರ ಮಳೆ ಬಗ್ಗೆ ವಿಚಾರಿಸ್ತೀವಿ. ಮಳೆ ಬಂದ ಮಾರನೇ ದಿನ ಇನ್ನೊಂದು ಸಲ ಹೋಗ್ತೀವಿ.

ಕಾಕಾ ನೋಡಿದ ಆ ಸೈಟಿಗೂ ಹಾಗೇ ಹೋದೆವು. ಸೈಟಿನಲ್ಲಿ ನೀರು ನಿಂತಿರಲಿಲ್ಲ. ಎತ್ತರಕ್ಕೆ ಮಣ್ಣು ತುಂಬಿಸಿದ್ದರು. ಅಲ್ಲಿಂದ ಇಳಿದ ನೀರೆಲ್ಲ ಹಿಂದಿನ ಓಣಿಯ ಶೀಟಿನ ಮನೆಗಳ ಮುಂದೆ ಮೊಣಕಾಲುದ್ದ ನಿಂತಿತ್ತು. ಒಬ್ಬ ಹೆಂಗಸು ಬಕೆಟ್ಟಿನಲ್ಲಿ ಅದನ್ನು ಹೊರಗೆ ಚೆಲ್ಲುತ್ತಿದ್ದಳು. ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮುಂಗಡ ವಾಪಸ್ ಕೇಳಿದ್ದೀವಿ, ಇನ್ನೂ ಪೂರ್ತಿ ಬಂದಿಲ್ಲ.