ಆಡು-ಹುಲಿ ಆಟ

ಆಡು-ಹುಲಿ ಆಟ: ಇಬ್ಬರು ಎದುರುಬದುರು ಕೂತು ಆಡುವ, ಅಸಮಬಲದ ಎರಡು ಪಡೆಗಳ ಬೇಟೆ-ಮುತ್ತಿಗೆಯ ಮಣೆಯಾಟ. ಹುಲಿ-ಕುರಿ ಆಟವೆಂದೂ ಕರೆಯುತ್ತಾರೆ. ದಕ್ಷಿಣ ಭಾರತದ ಉದ್ದಗಲಕ್ಕೂ ಬಳಕೆಯಲ್ಲಿದೆ. ನೇಪಾಳದ ಬಾಘ್‌ಚಾಲ್ ಇದರ ದಾಯಾದಿ.

ಹೆಚ್ಚು ಬಳಕೆಯಲ್ಲಿರುವ ಮಣೆ ತ್ರಿಕೋನದ್ದು. ನೆತ್ತಿಯಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸಿ 23 ಮನೆಗಳಾಗುತ್ತವೆ. ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಆಡು. ಆಡುಗಳನ್ನು ಸರದಿಗೊಂದರಂತೆ ಇಡಬೇಕು. ಎಲ್ಲವೂ ಮಣೆಗೆ ಬರುವವರೆಗೆ ಒಂದನ್ನೂ ನಡೆಸುವಂತಿಲ್ಲ. ಹುಲಿ ಪಕ್ಕದ ಆಡನ್ನು ಹಾರಿ, ಆಚೆಯ ಖಾಲಿ ಮನೆಗೆ ಇಳಿದರೆ ಆ ಆಡು ಸತ್ತಂತೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಜೋಡಿ ಆಡುಗಳನ್ನು ಹಾರಲಾಗದು. ಆದ್ದರಿಂದ ನುರಿತವರು ಅಂಚಿನಿಂದಲೇ ಸಾಲು ಕಟ್ಟುತ್ತ ಬರುತ್ತಾರೆ. ಮೂರೂ ಹುಲಿಗಳು ಮಿಸುಕದಂತೆ ಕಟ್ಟಿಹಾಕಿದರೆ ಆಡಿನವರ ಗೆಲುವು.

ಕಾಯಿಗೆ ಹುಣಸೆಬೀಜ, ಹರಳುಕಲ್ಲು. ಗೆರೆಗೆ ಇದ್ದಿಲು, ಸೀಮೆಸುಣ್ಣ. ಖರ್ಚೇನೂ ಇಲ್ಲ.

ಈ ಆಟದಲ್ಲಿ ದಾಳವೂ ಇಲ್ಲ, ಕವಡೆಯೂ ಇಲ್ಲ. ಸೋತವರು ಅದೃಷ್ಟವನ್ನು ದೂರುವಂತಿಲ್ಲ.

ಹಂಪಿಯ ಮಂಟಪಗಳ ನೆಲದಲ್ಲಿ ಇಂಥ ಆಟದ ಮಣೆಗಳನ್ನು ಕೊರೆದಿರುವುದು ಕಾಣುತ್ತದೆ. ಕೊರೆದ ಕಾಲ ಹೇಳುವುದು ಕಷ್ಟ, ಏಕೆಂದರೆ ಹಳೆಯ ಹಾಸುಗಲ್ಲಿನ ಮೇಲೆ ಯಾರು ಯಾವಾಗ ಬೇಕಾದರೂ ಗೆರೆ ಎಳೆಯಬಹುದಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಮಣೆಯಾಟಗಳಿಗೆ ಆಶ್ರಯ ಕೊಟ್ಟು, ತಾವೇ ಹೊಸ ಆಟಗಳನ್ನೂ ರೂಪಿಸಿದರು. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ ‘ಕ್ರೀಡಾಕೌಶಲ್ಯ’ ಪ್ರದರ್ಶನದಲ್ಲಿ ಚೌಕಾಬಾರ, ಪಗಡೆ, ಅಳಗುಳಿಮಣೆಯಂಥ ಸಾಂಪ್ರದಾಯಿಕ ಆಟಗಳ ಮಣೆಗಳು ನೋಡಲೂ ಕೊಳ್ಳಲೂ ಸಿಗುತ್ತವೆ.