ಭೋಂಗಾ ಆದ ಮೇಲೆ ಆರರ ಆಟ: ಸೋಲಾಪುರದ ಟಾಕೀಸುಗಳ ಕಥೆ



ಬೋರಾಮಣಿ ಸೀಮೆಯ ನಮಗೆ ಪಟ್ಟಣವೆಂದರೆ ಸೋಲಾಪುರ. ದವಾಖಾನೆ, ಕಾಲೇಜು, ಮದುವೆ ಜವಳಿ, ಸಿನಿಮಾ ಎಲ್ಲಕ್ಕೂ ಹೈದರಾಬಾದ್ ರಸ್ತೆ ಹಿಡಿದು ಅಲ್ಲಿಗೇ ಹೋಗಬೇಕು. ಇತ್ತೀಚೆಗೆ ನಮ್ಮ ಯುವಜನ ಕೂಟದಲ್ಲಿ ಚಿಕ್ಕವರಿಗೆ ಒಂದು ಪ್ರಶ್ನೆ ಕೇಳಿದೆವು: ಸಿನಿಮಾ ತೋರಿಸುವ ಕಟ್ಟಡಕ್ಕೆ ನಮ್ಮ ಅಜ್ಜ ಅಜ್ಜಿಯರು 'ಟಾಕೀಸು' ಎಂದು ಯಾಕೆ ಕರೆಯುತ್ತಿದ್ದರು? ಒಬ್ಬರಿಗೂ ಗೊತ್ತಿರಲಿಲ್ಲ. ಚಿತ್ರಗಳು ಮಾತನಾಡಲು ಶುರು ಮಾಡಿದಾಗ ಬಂದ ಹೆಸರು ಅದು. ಅಂದರೆ ಅದಕ್ಕೂ ಮೊದಲು ಚಿತ್ರಗಳು ಮೂಕವಾಗಿದ್ದವು. ಅಲ್ಲಿಂದಲೇ ಕಥೆ ಆರಂಭಿಸೋಣ.

1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಫ್ರಾನ್ಸಿನ ಲುಮಿಯೇರ್ ಸೋದರರ ಕಡೆಯವರು ನಮ್ಮ ದೇಶದ ಮೊದಲ ಚಲನಚಿತ್ರ ಪ್ರದರ್ಶನ ಕೊಟ್ಟರು. ಆಮೇಲೆ ಹಲವು ವರ್ಷ ಹೆಚ್ಚಾಗಿ ಹೊರದೇಶದ ಚಿತ್ರಗಳೇ ಓಡಿದವು. ಮುಂದಿನದು ನಾವು ಕ್ರೈಸ್ತ ಯುವಜನರು ತಿಳಿದಿರಲೇಬೇಕಾದ ಸಂಗತಿ. 1910-11ರ ಹೊತ್ತಿಗೆ ಮುಂಬೈಯ ಒಂದು ಪ್ರದರ್ಶನದಲ್ಲಿ ದಾದಾಸಾಹೇಬ ಫಾಳ್ಕೆಯವರು ಕ್ರಿಸ್ತನ ಜೀವನದ ಚಿತ್ರವನ್ನು ನೋಡಿದರು. ತೆರೆಯ ಮೇಲೆ ಯೇಸುಸ್ವಾಮಿ ನಡೆದಾಡುವುದನ್ನು ಕಂಡಾಗ ಅವರ ಮನಸ್ಸಿನಲ್ಲಿ ಕೃಷ್ಣ, ರಾಮರು ಮೂಡಿಬಂದರಂತೆ. ನಮ್ಮ ದೇವರುಗಳನ್ನೂ ಹೀಗೆ ತೆರೆಯ ಮೇಲೆ ತರಲು ಆದೀತೇ ಎಂಬ ಯೋಚನೆ ಅವರನ್ನು ಹಿಡಿಯಿತು. ಇದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆಮೇಲೆ ಹೆಂಡತಿ ಸರಸ್ವತಿಬಾಯಿಯವರನ್ನೂ ಕರೆದುಕೊಂಡು ಹೋಗಿ ಅದೇ ಚಿತ್ರವನ್ನು ಮತ್ತೆ ನೋಡಿದರು. 1913ರ ಮೇ 3ರಂದು ಮುಂಬೈಯ ಗಿರಗಾಂವದ ಕಾರೋನೇಶನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು. ನಮ್ಮ ಸಿನಿಮಾದ ಬೇರಿನಲ್ಲಿ ಯೇಸುವಿನ ಕಥೆಯೂ ಒಂದು ಎಳೆಯಾಗಿದೆ ಎಂದರೆ ಜಂಬವಲ್ಲ, ಇತಿಹಾಸ.

ಈಗ ಸೋಲಾಪುರಕ್ಕೆ ಬರೋಣ. ಆ ಪಟ್ಟಣವನ್ನು ಬೆಳೆಸಿದ್ದು ಗಿರಣಿಗಳು. 1870ರ ದಶಕದಲ್ಲಿ ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಲು ಶುರುವಾಯಿತು. ಜನ ಅದಕ್ಕೆ 'ಜುನೀ ಮಿಲ್' ಎಂದರು. ಆಮೇಲೆ ನರಸಿಂಗಗಿರ್ಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಅಕ್ಕಲಕೋಟ ಮತ್ತು ದಕ್ಷಿಣ ಸೋಲಾಪುರದ ಹಳ್ಳಿಗಳಿಂದ ಕನ್ನಡದವರು, ತೆಲಂಗಾಣದ ಕಡೆಯಿಂದ ನೇಕಾರ ಪದ್ಮಶಾಲಿಗಳು, ಸುತ್ತಲಿನ ಮರಾಠಿಗರು, ಉರ್ದು ಮಾತಾಡುವ ಕುಟುಂಬಗಳು ಎಲ್ಲರೂ ಬಂದು ಒಂದೇ ಭೋಂಗಾಕ್ಕೆ ಎದ್ದು ಒಂದೇ ಭೋಂಗಾಕ್ಕೆ ಮನೆಗೆ ಹೊರಟರು. ಪಾಳಿ ಬಿಟ್ಟ ಕೂಲಿಕಾರನ ಕೈಯಲ್ಲಿ ಸ್ವಲ್ಪ ರೊಕ್ಕ, ಎದುರಿಗೆ ಒಂದಿಷ್ಟು ಬಿಡುವಿನ ಹೊತ್ತು. ಟಾಕೀಸು ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲ ಬೇಕೇ?

ಮೂಕಿ ಚಿತ್ರ ಈ ಊರಿಗೆ ಹೇಳಿ ಮಾಡಿಸಿದಂತಿತ್ತು ಎಂದು ನಮಗನಿಸುತ್ತದೆ. ನಟರು ಮಾತಾಡುವುದಿಲ್ಲ, ಆದ್ದರಿಂದ ಭಾಷೆಯ ತಕರಾರಿಲ್ಲ. ನಡುನಡುವೆ ತೆರೆಯ ಮೇಲೆ ಎರಡು ಮೂರು ಭಾಷೆಗಳಲ್ಲಿ ಬರಹ ಬರುತ್ತಿತ್ತು. ಓದಲು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮಾತು ಬಂದ ಮೇಲೆ ಮಾತ್ರ ಲೆಕ್ಕ ಬದಲಾಯಿತು.

ಅದು ಬಂದ ಕಾಲವನ್ನು ಗಮನಿಸಿ. 1930ರ ಮೇ ತಿಂಗಳಲ್ಲಿ ಸೋಲಾಪುರದ ಜನ ಬ್ರಿಟಿಷರ ವಿರುದ್ಧ ಎದ್ದರು, ಪಟ್ಟಣದ ಮೇಲೆ ಲಷ್ಕರಿ ಕಾಯ್ದೆ ಹೇರಲಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಸರುಗಳನ್ನು ಇನ್ನೊಮ್ಮೆ ಓದಿ, ಸೋಲಾಪುರ ಎಂಥ ಊರು ಎಂದು ತಿಳಿಯುತ್ತದೆ. ಇದಾಗಿ ಎರಡೇ ತಿಂಗಳಿಗೆ, ಮಾರ್ಚ್ 14ರಂದು, ಮುಂಬೈಯಲ್ಲಿ ಮೊದಲ ವಾಕ್ಚಿತ್ರ 'ಆಲಂ ಆರಾ' ಬಂತು. 1932ರಲ್ಲಿ ಪ್ರಭಾತ್ ಕಂಪನಿಯ ಮರಾಠಿ ಚಿತ್ರ 'ಅಯೋಧ್ಯೇಚಾ ರಾಜಾ' ತೆರೆಕಂಡಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಕನ್ನಡದ 'ಸತಿ ಸುಲೋಚನಾ' ಬಂತು. ಅದರ ಚಿತ್ರೀಕರಣ ನಡೆದದ್ದು ಎಲ್ಲಿ ಗೊತ್ತೇ? ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಗಡಿಯ ಈಚೆಗಿರುವ ನಮಗೆ ಇದು ಖುಷಿಯ ವಿಷಯ: ಕನ್ನಡ ಸಿನಿಮಾ ಮೊದಲು ಮಾತು ಕಲಿತದ್ದು ಇಂದಿನ ಮಹಾರಾಷ್ಟ್ರದ ನೆಲದಲ್ಲಿ.

ಸೋಲಾಪುರದವರನ್ನು ಟಾಕೀಸಿನ ಹೆಸರು ಕೇಳಿದರೆ ಮೊದಲು ಬಾಯಿಗೆ ಬರುವುದು ಭಾಗವತ. ಒಂದೇ ಆವರಣದಲ್ಲಿ ಉಮಾಮಂದಿರ, ಛಾಯಾಮಂದಿರ, ಕಲಾಮಂದಿರ, ಚಿತ್ರಮಂದಿರ. ಮಲ್ಟಿಪ್ಲೆಕ್ಸ್ ಎಂಬ ಪದವನ್ನು ನಮ್ಮಲ್ಲಿ ಯಾರೂ ಕೇಳಿರದ ಕಾಲದಲ್ಲೇ ಇಲ್ಲಿನ ಜನ ಒಂದು ಕಡೆ ಟಿಕೆಟ್ ಸಿಗದಿದ್ದರೆ ಪಕ್ಕದ ಬಾಗಿಲಿಗೆ ನಡೆಯುತ್ತಿದ್ದರು. ಇದಲ್ಲದೆ ಪ್ರಭಾತ್, ಮೀನಾ, ಆಶಾ, ಲಕ್ಷ್ಮೀನಾರಾಯಣ ಟಾಕೀಸುಗಳೂ ಇದ್ದವು. ಎಲ್ಲವೂ 'ಮಂದಿರ' ಆದದ್ದು ನಮ್ಮ ಕೂಟದಲ್ಲಿ ನಗುವಿಗೆ ಕಾರಣವಾಯಿತು. ಭಾನುವಾರ ಬೆಳಿಗ್ಗೆ ದೇವಮಂದಿರ, ಸಂಜೆ ಉಮಾಮಂದಿರ ಎಂದು ಒಬ್ಬ ಹಿರಿಯರು ತಮ್ಮ ಹರೆಯದ ವೇಳಾಪಟ್ಟಿ ಹೇಳಿದರು. ಅವರ ತಾಯಿಗೆ ಎರಡನೆಯದು ಗೊತ್ತಿರಲಿಲ್ಲವಂತೆ.

ಧರ್ಮಸಭೆ ಇದನ್ನೆಲ್ಲ ಹೇಗೆ ಕಂಡಿತು? ಹೆದರಿಕೆಯೂ ಇತ್ತು, ಆಸೆಯೂ ಇತ್ತು. 1936ರಲ್ಲಿ ಪೋಪ್ ಹನ್ನೊಂದನೆಯ ಪಯಸ್ 'ವಿಜಿಲಾಂತಿ ಕೂರಾ' ಎಂಬ ವಿಶ್ವಪತ್ರವನ್ನು ಸಿನಿಮಾದ ಬಗ್ಗೆಯೇ ಬರೆದರು. ಕೆಟ್ಟ ಚಿತ್ರ ಯುವಜನರನ್ನು ಹಾಳುಮಾಡೀತು, ಆದರೆ ಒಳ್ಳೆಯದು ಮನುಷ್ಯನನ್ನು ಎತ್ತರಕ್ಕೆ ಒಯ್ದೀತು ಎಂಬುದು ಅದರ ನಿಲುವು. ಅದೇ 1936ರಲ್ಲಿ ಪ್ರಭಾತ್ ಕಂಪನಿಯ 'ಸಂತ ತುಕಾರಾಂ' ಬಂತು, ಮುಂಬೈಯ ಒಂದೇ ಟಾಕೀಸಿನಲ್ಲಿ 57 ವಾರ ಓಡಿತು. ಪಂಢರಪುರ ನಮ್ಮ ಜಿಲ್ಲೆಯದೇ. ವಾರಕರಿಗಳು ಆ ಚಿತ್ರವನ್ನು ಎಂಥ ಭಕ್ತಿಯಿಂದ ನೋಡಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಪೋಪರು ಬಯಸಿದಂಥ ಚಿತ್ರ ಪುಣೆಯಲ್ಲೇ ತಯಾರಾಗಿತ್ತು ಎಂದು ನಾವು ಹೇಳಿಕೊಳ್ಳುತ್ತೇವೆ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮಾಧ್ಯಮಗಳ ಬಗ್ಗೆ 'ಇಂಟರ್ ಮಿರಿಫಿಕಾ' ಹೊರಡಿಸಿತು. ಸಿನಿಮಾಕ್ಕೆ ನೂರು ತುಂಬಿದಾಗ, 1995ರಲ್ಲಿ, ವ್ಯಾಟಿಕನ್ 45 ಉತ್ತಮ ಚಿತ್ರಗಳ ಪಟ್ಟಿ ಮಾಡಿತು, 'ಗಾಂಧಿ' ಅದರಲ್ಲಿದೆ. ಇಷ್ಟೆಲ್ಲ ಆದರೂ ನಮ್ಮ ಮನೆಗಳಲ್ಲಿ ತಪಸ್ಸುಕಾಲ ಬಂತೆಂದರೆ ಮಾಂಸದ ಜೊತೆ ಸಿನಿಮಾವೂ ಬಂದ್. (ಈಗ ಮೊಬೈಲ್ ಬಂದ್ ಮಾಡಿ ನೋಡೋಣ ಎಂದರೆ ಕೂಟದಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.)

ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಬೇರೊಂದು ವಿಷಯ. ಟಾಕೀಸಿನೊಳಗೆ ಯಾರು ಎಲ್ಲಿ ಕೂರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಟಿಕೆಟ್. ಥರ್ಡ್ ಕ್ಲಾಸ್, ಸ್ಟಾಲ್, ಬಾಲ್ಕನಿ. ಅದೂ ಒಂದು ಭೇದವೇ, ಬಡವ ಮುಂದೆ ಕತ್ತೆತ್ತಿ ನೋಡಬೇಕು, ಉಳ್ಳವ ಮೇಲೆ ಕೂತು ನೋಡುತ್ತಾನೆ. ಆದರೆ ಬಾವಿಯಲ್ಲಿ ನೀರು ಸೇದಲು, ಚಹಾದ ಅಂಗಡಿಯಲ್ಲಿ ಬೇರೆ ಬಟ್ಟಲಿಲ್ಲದೆ ಕುಡಿಯಲು ಆಗದವನು ಇಲ್ಲಿ ಕಾಸು ಕೊಟ್ಟರೆ ಯಾರ ಪಕ್ಕದಲ್ಲಾದರೂ ಕೂರಬಹುದಿತ್ತು. ಶ್ರೀಲಂಕಾದ ವಿದ್ವಾಂಸ ಕಾರ್ತಿಗೇಸು ಶಿವತಂಬಿ ತಮಿಳುನಾಡಿನ ಬಗ್ಗೆ ಇದನ್ನೇ ಹೇಳಿದ್ದಾರೆ: ಎಲ್ಲ ಜನ ಒಂದೇ ಸೂರಿನಡಿ ಕೂತು ನೋಡಿದ ಮೊದಲ ಜಾಗ ಸಿನಿಮಾ ಮಂದಿರ ಎಂದು. ಗಿರಣಿಯ ಸೋಲಾಪುರಕ್ಕೂ ಈ ಮಾತು ಒಪ್ಪುತ್ತದೆ ಎಂದೇ ನಮ್ಮ ಅಭಿಪ್ರಾಯ.

ಇದನ್ನು ಬರೆಯುವಾಗ ನಮ್ಮ ಕಡೆಗೂ ನೋಡಿಕೊಳ್ಳಬೇಕು. ತಮಿಳುನಾಡಿನ ವಡಕ್ಕನ್‌ಕುಳಂ ಎಂಬ ಊರಿನ ಕಥೋಲಿಕ ದೇವಾಲಯದೊಳಗೆ ಎರಡು ಜಾತಿಗಳವರು ಪ್ರತ್ಯೇಕವಾಗಿ ಕೂರಲೆಂದು ಗೋಡೆಯನ್ನೇ ಕಟ್ಟಲಾಗಿತ್ತು. ಅದು ಬಿದ್ದದ್ದು 20ನೇ ಶತಮಾನದ ಆರಂಭದಲ್ಲಿ. ಒಂದೇ ಬಲಿಪೂಜೆ, ಒಂದೇ ಪ್ರಸಾದ, ನಡುವೆ ಗೋಡೆ. ಟಾಕೀಸಿನ ಮಾಲೀಕ ರೊಕ್ಕಕ್ಕಾಗಿ ತೆಗೆದ ಬಾಗಿಲನ್ನು ಧರ್ಮ ಹೇಳುವವರು ಪ್ರೀತಿಗಾಗಿಯಾದರೂ ಮೊದಲೇ ತೆಗೆಯಬೇಕಿತ್ತಲ್ಲವೇ?

ಯಂತ್ರದ ಬಗ್ಗೆ ಎರಡು ಮಾತು. ವಿಜ್ಞಾನ ಓದುವವರು ನಮ್ಮಲ್ಲಿ ಕೆಲವರಿದ್ದೀರಿ. ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ, 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರ. ಹಾಗಾದರೆ ನಿಮಿಷಕ್ಕೆ 90 ಅಡಿ, ಎರಡೂವರೆ ತಾಸಿನ ಚಿತ್ರಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು! ಸಾವಿರ ಅಡಿಯ ಒಂದು ರೀಲು ಮುಗಿಯುವುದು ಹನ್ನೊಂದು ನಿಮಿಷಕ್ಕೆ. ಅದಕ್ಕೇ ಎರಡು ಪ್ರೊಜೆಕ್ಟರ್: ಒಂದರ ರೀಲು ಮುಗಿಯುವಾಗ ಆಪರೇಟರ್ ಇನ್ನೊಂದನ್ನು ಚಾಲೂ ಮಾಡಬೇಕು. ತೆರೆಯ ಮೂಲೆಯಲ್ಲಿ ಮಿಂಚಿ ಹೋಗುತ್ತಿದ್ದ ಚುಕ್ಕೆ ಅವನಿಗೆ ಸೂಚನೆ. ಬೆಳಕಿಗೆ ಎರಡು ಇದ್ದಿಲ ಕಡ್ಡಿಗಳ ನಡುವೆ ಕಿಡಿ ಹೊತ್ತಿಸುತ್ತಿದ್ದರು. ಕಡ್ಡಿ ಉರಿದು ಸವೆಯುತ್ತ ಹೋಗುತ್ತದೆ, ಅಂತರ ಸರಿಪಡಿಸುತ್ತಲೇ ಇರಬೇಕು, ಇಲ್ಲವಾದರೆ ತೆರೆ ಮಂಕಾಗಿ ಕೆಳಗಿನಿಂದ ಸಿಳ್ಳೆ. ಬೇಸಿಗೆಯ ಸೋಲಾಪುರದಲ್ಲಿ ಆ ಕೋಣೆಯೊಳಗೆ ದಿನಕ್ಕೆ ನಾಲ್ಕು ಆಟ ನಡೆಸಿದವರ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ. ಇನ್ನೊಂದು ವಿಚಿತ್ರ: ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಬೆಳಕಿಗೆ ಅಡ್ಡ ಬರುವ ರೆಕ್ಕೆಯಿಂದಾಗಿ, ಜನ ನೋಡುತ್ತ ಕೂತ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಾಲ ತೆರೆಯ ಮೇಲೆ ಬರೀ ಕತ್ತಲೆಯೇ ಇರುತ್ತಿತ್ತು. ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ಸೋಲಾಪುರವೇ ತೆರೆಗೂ ಏನು ಕಡಿಮೆ ಕೊಟ್ಟಿಲ್ಲ. 1910ರಲ್ಲಿ ಇಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋಗಿ ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡರು. 1946ರಲ್ಲಿ ವಿ. ಶಾಂತಾರಾಂ ತಾವೇ ಪಾತ್ರ ಮಾಡಿ 'ಡಾ. ಕೋಟ್ನಿಸ್ ಕೀ ಅಮರ್ ಕಹಾನಿ' ತೆಗೆದರು. ಭೈಯ್ಯಾ ಚೌಕದ ಕಡೆ ಅವರ ಸ್ಮಾರಕವಿದೆ, ನೋಡದವರು ಒಮ್ಮೆ ಹೋಗಿ ಬನ್ನಿ. ನಟಿ ಶಶಿಕಲಾ ಸೋಲಾಪುರದವರು. ಇತ್ತೀಚಿನವರಲ್ಲಿ ನಾಗರಾಜ ಮಂಜುಳೆ ಕರ್ಮಾಳಾ ತಾಲೂಕಿನ ಜೇವೂರಿನವರು. ಅವರ 2016ರ 'ಸೈರಾಟ್' ಜಾತಿಯ ಹೆಸರಿನ ಕೊಲೆಯಲ್ಲಿ ಮುಗಿಯುವ ಪ್ರೇಮಕಥೆಯನ್ನು ನಮ್ಮ ಜಿಲ್ಲೆಯ ಬಾಳೆತೋಟ, ಬಾವಿಗಳ ನಡುವೆ ಅರಳಿಸಿ ತೋರಿಸಿತು. ಅಕಲೂಜಿನ ಹುಡುಗಿ ರಿಂಕು ರಾಜಗುರು ಮರುವರ್ಷ ಅದರ ಕನ್ನಡ ರೂಪ 'ಮನಸು ಮಲ್ಲಿಗೆ'ಯಲ್ಲೂ ನಟಿಸಿದಳು. ಆ ಚಿತ್ರದ ಕೊನೆಯಲ್ಲಿ ಇಡೀ ಟಾಕೀಸು ಮೌನವಾದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಅದನ್ನೇ ಮನೆಯಲ್ಲಿ ಮೊಬೈಲಿನಲ್ಲಿ ನೋಡಿದವರಿಗೆ ಆ ಮೌನ ಸಿಗಲಿಲ್ಲ.

ಹಳ್ಳಿಗಳಿಗೆ ಪಟ್ಟಣದ ಟಾಕೀಸು ದೂರ. ಜಾತ್ರೆಗೆ ತಂಬು ಸಿನಿಮಾ ಬರುತ್ತಿತ್ತು: ಲಾರಿಯಲ್ಲಿ ಯಂತ್ರ, ಹೊರಗೆ ಹಾರ್ನಿನಲ್ಲಿ ಹಾಡು, ಒಳಗೆ ನೆಲದ ಮೇಲೆ ಕೂರುವುದು. ನಮ್ಮ ಸಭೆಗಳಿಗೆ ಬಂದದ್ದು ಮತ್ತೊಂದು ರೀತಿಯ ಪ್ರದರ್ಶನ. 1978ರಲ್ಲಿ ತೆಲುಗಿನಲ್ಲಿ ವಿಜಯಚಂದರ್ ಯೇಸುವಾಗಿ ನಟಿಸಿದ 'ಕರುಣಾಮಯುಡು' ಬಂತು, ಹಿಂದಿಯಲ್ಲಿ ಅದು 'ದಯಾಸಾಗರ್' ಆಯಿತು. 1979ರಲ್ಲಿ ಲೂಕನ ಶುಭಸಂದೇಶವನ್ನು ಆಧರಿಸಿದ 'ಜೀಸಸ್' ಚಿತ್ರ ಬಂತು, ಕನ್ನಡ, ಮರಾಠಿ ಸೇರಿ ನೂರಾರು ಭಾಷೆಗಳಿಗೆ ಡಬ್ ಆಯಿತು. ಜೀಪಿನಲ್ಲಿ ಪ್ರೊಜೆಕ್ಟರ್, ಎರಡು ಕಂಬದ ನಡುವೆ ಬಿಳಿ ಬಟ್ಟೆ, ಟಿಕೆಟ್ ಇಲ್ಲ. ಜಾಗ ಸಾಲದವರು ಬಟ್ಟೆಯ ಹಿಂದೆ ಹೋಗಿ ಕೂರುತ್ತಿದ್ದರು. ಅವರಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತಿತ್ತು, ಯೇಸು ಎಡಗೈಯಿಂದ ಆಶೀರ್ವದಿಸುತ್ತಿದ್ದರು. ಹಿಂದೆ ಕೂತು ನೋಡಿದ ಅಜ್ಜಿಯೊಬ್ಬರು ಇಂದಿಗೂ ಅದನ್ನು ಹೇಳಿ ನಗುತ್ತಾರೆ, ಆಮೇಲೆ ಶಿಲುಬೆಯ ಹಾದಿಯ ದೃಶ್ಯ ನೆನೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆಮೇಲಿನದು ಬೇಗ ಹೇಳಬಹುದು. 1987ರಲ್ಲಿ ಟಿವಿಯಲ್ಲಿ 'ರಾಮಾಯಣ', ಹಿಂದೆಯೇ ವಿಡಿಯೋ, ಕೇಬಲ್. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾ ನಿಂತ ಮೇಲೆ ಆರರ ಆಟಕ್ಕೆ ಓಡಿಬರುವವರು ಎಲ್ಲಿ? ಒಂಟಿ ತೆರೆಯ ಟಾಕೀಸಿಗೆ ಖರ್ಚು ಹಳೆಯದೇ, ಕುರ್ಚಿ ಖಾಲಿ. ರೀಲಿನ ಪೆಟ್ಟಿಗೆ ಹೋಗಿ ಡಿಜಿಟಲ್ ಬಂತು, ಮಲ್ಟಿಪ್ಲೆಕ್ಸ್ ಬಂತು, 2020ರ ಮಾರ್ಚಿನಲ್ಲಿ ಕೊರೋನಾ ಎಲ್ಲಕ್ಕೂ ಬೀಗ ಹಾಕಿಸಿತು. ಮಲ್ಟಿಪ್ಲೆಕ್ಸಿನಲ್ಲಿ ಥರ್ಡ್ ಕ್ಲಾಸ್ ಇಲ್ಲ ಎನ್ನುತ್ತಾರೆ. ನಿಜ, ಥರ್ಡ್ ಕ್ಲಾಸಿನವನೇ ಅಲ್ಲಿಗೆ ಬರುವುದಿಲ್ಲ. ಬೀಡಿ ಕಟ್ಟುವ ತಾಯಂದಿರು ಒಂದು ದಿನದ ಕೂಲಿ ಕೊಟ್ಟು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆಯೇ? ಭಾಷೆಯ ಮಾತೂ ಇದೆ. 2022ರಲ್ಲಿ 'ಕೆಜಿಎಫ್'ನ ಎರಡನೇ ಭಾಗ, 'ಕಾಂತಾರ' ದೇಶವನ್ನೆಲ್ಲ ಸುತ್ತಿದವು. ನಮ್ಮ ಕೂಟದಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಹೆಚ್ಚಿನವರು ಅವನ್ನು ನೋಡಿದ್ದು ಹಿಂದಿಯಲ್ಲಿ.

ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಟಿಕೆಟ್, ಹಾಡಿನ ಪುಸ್ತಕ, ಟಾಕೀಸಿನ ಮುಂದೆ ತೆಗೆಸಿದ ಫೋಟೋ ಇದ್ದರೆ ಭಾನುವಾರದ ಪೂಜೆ ಮುಗಿದ ಮೇಲೆ ತನ್ನಿ, ಫೋಟೋ ತೆಗೆದುಕೊಂಡು ಅಲ್ಲೇ ಮರಳಿ ಕೊಡುತ್ತೇವೆ. ಗೇಟಿನಲ್ಲಿ ಟಿಕೆಟ್ ಹರಿದವರು, ಪೋಸ್ಟರ್ ಅಂಟಿಸಿದವರು, ಮಧ್ಯಂತರದಲ್ಲಿ ಶೇಂಗಾ ಮಾರಿದವರು ನಿಮ್ಮ ಓಣಿಯಲ್ಲಿದ್ದರೆ ತಿಳಿಸಿ. ನಡೆದು ಬರಲು ಆಗದವರ ಮನೆಗೆ ನಾವೇ ಬರುತ್ತೇವೆ.